ಬೆಂಗಳೂರಿಗೆ ಆಸ್ಪತ್ರೆ ಕೆಲಸಕ್ಕೆ ಹೋಗುತ್ತಿದ್ದೇವೆ, ಊಟ ಎಲ್ಲಿ ಮಾಡೋದು? ಹತ್ತು ರೂಪಾಯಿಯಿಂದ ದೊಡ್ಡ ಊಟದವರೆಗೆ ಹೇಳಿ

ನಾಪೋಕ್ಲು ಹುಡುಗ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನನ್ನು ಜಯದೇವ ಆಸ್ಪತ್ರೆಗೆ ತೋರಿಸಬೇಕು. ತಪಾಸಣೆ, ರಿಪೋರ್ಟ್ ಎಲ್ಲ ಸೇರಿ ಒಂದು ವಾರ ಹಿಡಿಯಬಹುದು ಅಂದಿದ್ದಾರೆ. ಅಮ್ಮ, ತಂಗಿ, ನಾನು ಮೂವರೂ ಜೊತೆಗೆ ಹೋಗುತ್ತೇವೆ. ತಂಗಿಗೆ ಅಲ್ಲೇ ಕೆಲಸ ಸಿಕ್ಕಿದೆ, ಪಿಜಿ ಹುಡುಕಬೇಕು. ಜಯನಗರದ ಕಡೆ ರೂಮ್ ಆಗಿದೆ. ಊಟದ್ದೇ ಯೋಚನೆ.
ಅಪ್ಪನಿಗೆ ಉಪ್ಪು, ಎಣ್ಣೆ ಕಮ್ಮಿ ಇರಬೇಕು. ಅಮ್ಮ ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಮಿಕ್ಕ ದಿನ ಬೇಕೇ ಬೇಕು. ತಂಗಿಗೆ ತಿಂಗಳೆಲ್ಲ ಕೈಗೆಟುಕುವ ಜಾಗ ಬೇಕು. ರಿಪೋರ್ಟ್ ಚೆನ್ನಾಗಿ ಬಂದರೆ ಕೊನೆ ದಿನ ಎಲ್ಲರಿಗೂ ಒಂದು ಒಳ್ಳೆ ಊಟ ಹಾಕಿಸಬೇಕು ಅಂತ ನನಗೆ ಆಸೆ. ಆವತ್ತು ದುಡ್ಡಿನ ಮುಖ ನೋಡುವುದಿಲ್ಲ.
ಹಿಂದಿನ ಸಲ ಮೊಬೈಲಿನಲ್ಲಿ ಸ್ಟಾರ್ ನೋಡಿಕೊಂಡು ಒಂದು ಹೋಟೆಲಿಗೆ ಹೋಗಿದ್ದೆವು. ತುಂಬಾ ಹೊತ್ತು ನಿಲ್ಲಿಸಿದರು. ಮೆನುವಿನಲ್ಲಿ ದರ ನೋಡಿದ ಅಪ್ಪ ಬರೀ ಒಂದು ಸೂಪ್ ಕುಡಿದು ಎದ್ದರು. ಹಾಗೆ ಇನ್ನೊಮ್ಮೆ ಆಗಬಾರದು. ಗೊತ್ತಿರುವವರು ದಯವಿಟ್ಟು ಬರೆಯಿರಿ.

ಗೋಣಿಕೊಪ್ಪ ಬಸ್‌ಸ್ಟ್ಯಾಂಡ್
ವಿದ್ಯಾರ್ಥಿ ಭವನದ ಮಸಾಲೆ ದೋಸೆ. ಮಿಕ್ಕಿದ್ದೆಲ್ಲ ಆಮೇಲೆ.

ಕುಶಾಲನಗರದ ಅಕ್ಕ
ಮೊದಲು ಬೆಳಗಿನ ಕಥೆ ಹೇಳುತ್ತೇನೆ. ನಮ್ಮ ಕಡೆಯ ರಾತ್ರಿ ಬಸ್ಸು ಮೈಸೂರು ರಸ್ತೆ ಸ್ಯಾಟಲೈಟ್ ತಲುಪುವಾಗ ಇನ್ನೂ ಕತ್ತಲೆ. ಆ ಹೊತ್ತಿಗೆ ಆಟೋದವರು ಕೇಳಿದಷ್ಟು ಕೊಡಬೇಕು. ಸ್ವಲ್ಪ ಕಾದು ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಲಾಲ್‌ಬಾಗ್, ಜಯನಗರ, ಆರ್.ವಿ. ರಸ್ತೆ ಎಲ್ಲ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಆರ್.ವಿ. ರಸ್ತೆಯಲ್ಲಿ ಇನ್ನೊಮ್ಮೆ ಬದಲಾಯಿಸಿ ಜಯದೇವ ಆಸ್ಪತ್ರೆ ನಿಲ್ದಾಣದಲ್ಲೇ ಇಳಿಯಬಹುದು.
ಅಪ್ಪನಿಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವುದಿದ್ದರೆ ಬ್ಯಾಗಿನಲ್ಲಿ ಬಾಳೆಹಣ್ಣು, ಬಿಸ್ಕತ್ತು ಇಟ್ಟುಕೊಂಡಿರಿ. ರಕ್ತ ಕೊಟ್ಟ ತಕ್ಷಣ ಏನಾದರೂ ಬೇಕಾಗುತ್ತದೆ. ಆಗ ಕ್ಯಾಂಟೀನ್ ಕ್ಯೂನಲ್ಲಿ ನಿಲ್ಲೋಕೆ ಆಗುವುದಿಲ್ಲ.

ವಿರಾಜಪೇಟೆ ಮೇಷ್ಟ್ರು
ಗೋಣಿಕೊಪ್ಪದವರೇ, ಹೃದಯ ತೋರಿಸಲು ಬಂದವರಿಗೆ ತುಪ್ಪ ಹಾಕಿ ಹುರಿದ ದೋಸೆ ತಿನ್ನಿ ಅಂತೀರಲ್ಲ! ಅದೂ ಅಲ್ಲದೆ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಅಮ್ಮ ಸಸ್ಯಾಹಾರ ತಿನ್ನುವ ದಿನವೇ ಬಾಗಿಲು ಹಾಕಿರುತ್ತದೆ.
ಬೆಂಗಳೂರಿನ ಹಳೆ ಹೋಟೆಲುಗಳಿಗೆ ಹೋಗುವ ಮುಂಚೆ ವಾರದ ರಜೆ ತಿಳಿದುಕೊಳ್ಳಿ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಕೊಡಗಿನಿಂದ ಹೋದವರು ಸಾಮಾನ್ಯವಾಗಿ ಭಾನುವಾರವೇ ಬಿಡುವು ಮಾಡಿಕೊಂಡು ಹೋಗುತ್ತಾರೆ, ಹೋಗಿ ಮುಚ್ಚಿದ ಬಾಗಿಲು ನೋಡುತ್ತಾರೆ.
ನಿಮ್ಮ ಅಪ್ಪನಿಗೆ ನಾನು ಹೇಳುವುದು ಬ್ರಾಹ್ಮಿನ್ಸ್. 1965ರಿಂದ ನಡೆಯುತ್ತಿದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಇಷ್ಟೇ. ಸಾಂಬಾರ್ ಇಲ್ಲ. ಇಡ್ಲಿ ಹತ್ತಿಯಷ್ಟು ಮೆತ್ತಗೆ. ತಟ್ಟೆ ಹಿಡಿದುಕೊಂಡು ರಸ್ತೆ ಬದಿ ನಿಂತು ತಿನ್ನಬೇಕು. ಚಟ್ನಿ ಖಾಲಿಯಾದರೆ ಮತ್ತೆ ಹೋಗಿ ತಟ್ಟೆ ಚಾಚಿದರೆ ಸೌಟು ತುಂಬಾ ಸುರಿಯುತ್ತಾರೆ, ಎಷ್ಟು ಸಲ ಬೇಕಾದರೂ. ಅಪ್ಪನಿಗೆ ಇಡ್ಲಿ ಕೊಡಿಸಿ, ವಡೆ ನೀವು ತಿನ್ನಿ.

ಗೋಣಿಕೊಪ್ಪ ಬಸ್‌ಸ್ಟ್ಯಾಂಡ್
ಮೇಷ್ಟ್ರೇ, ಅಮ್ಮ, ಮಗ, ಮಗಳು ಮೂರು ಜನ ಆರೋಗ್ಯವಾಗಿದ್ದಾರಲ್ಲ. ಅವರು ಯಾಕೆ ಬಿಡಬೇಕು? 1943ರಿಂದ ಗಾಂಧಿ ಬಜಾರ್‌ನಲ್ಲಿ ಅದೇ ಜಾಗದಲ್ಲಿದೆ. ಗೋಡೆ ಮೇಲೆ ನಮ್ಮ ಸಾಹಿತಿಗಳ ಚಿತ್ರಗಳು. ಸರ್ವರ್ ಒಂದೇ ಕೈ ಮೇಲೆ ಭುಜದವರೆಗೂ ದೋಸೆ ತಟ್ಟೆ ಜೋಡಿಸಿಕೊಂಡು ಮೇಜುಗಳ ನಡುವೆ ಬರುವುದನ್ನು ನೋಡಿಯೇ ನಂಬಬೇಕು. ಒಂದು ತಟ್ಟೆಯೂ ಅಲುಗುವುದಿಲ್ಲ. ದೋಸೆ ಹೊರಗೆ ಕೆಂಪಗೆ ಗರಿಗರಿ, ಒಳಗೆ ದಪ್ಪ, ಮೆತ್ತಗೆ. ವಾರದ ದಿನ ಬೆಳಿಗ್ಗೆ ಬೇಗ ಹೋಗಿ, ಭಾನುವಾರ ಮಾತ್ರ ಬೇಡ.

ಮಡಿಕೇರಿ ಟು ಮಲ್ಲೇಶ್ವರ
ಬಸವನಗುಡಿಯವರು ಯಾವಾಗಲೂ ಹೀಗೇ ಅನ್ನುತ್ತಾರೆ. ದೋಸೆ ತಿನ್ನೋದಾದರೆ ಮಲ್ಲೇಶ್ವರದ ಸಿಟಿಆರ್. ಬೋರ್ಡಿನಲ್ಲಿ ಶ್ರೀ ಸಾಗರ್ ಅಂತಿದೆ, ನೋಡಿ ಹಿಂದೆ ಬರಬೇಡಿ. ಬೆಣ್ಣೆ ಮಸಾಲೆ ಹೇಳಿ. ಅದೇ ಮಾರ್ಗೋಸಾ ರಸ್ತೆಯಲ್ಲಿ ಮುಂದೆ ನಡೆದರೆ ವೀಣಾ ಸ್ಟೋರ್ಸ್, ಅಲ್ಲಿ ಇಡ್ಲಿ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು. ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ನಡೆಯಿರಿ.

ಗೋಣಿಕೊಪ್ಪ ಬಸ್‌ಸ್ಟ್ಯಾಂಡ್
ಸಿಟಿಆರ್ ದೋಸೆಯಲ್ಲಿ ಬೆಣ್ಣೆ ಜಾಸ್ತಿ, ಹಿಟ್ಟಿನ ರುಚಿಯೇ ಗೊತ್ತಾಗುವುದಿಲ್ಲ.

ಮಡಿಕೇರಿ ಟು ಮಲ್ಲೇಶ್ವರ
ಬೆಣ್ಣೆ ದೋಸೆಯಲ್ಲಿ ಬೆಣ್ಣೆ ಇರದೆ ಇನ್ನೇನಿರಬೇಕು ಸ್ವಾಮಿ?

ಸಿದ್ದಾಪುರ 571
ಪ್ರಶ್ನೆ ಒಂದು ವಾರದ ಊಟದ್ದು. ದೋಸೆ ಜಗಳ ಬೇರೆ ದಿನ ಇಟ್ಟುಕೊಳ್ಳಿ.

ಕಿದ್ವಾಯಿ ಕಾರಿಡಾರ್
ನಾಪೋಕ್ಲು ತಮ್ಮಾ, ನನ್ನ ಅಕ್ಕನ ಚಿಕಿತ್ಸೆಗೆ ಆ ಕಡೆ ತಿಂಗಳುಗಟ್ಟಲೆ ಓಡಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.
ನಿಮ್ಹಾನ್ಸ್, ಕಿದ್ವಾಯಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ ಗಾಂಧಿ ಆಸ್ಪತ್ರೆ, ಜಯದೇವ. ಎಲ್ಲ ಒಂದೇ ಸುತ್ತಿನಲ್ಲಿವೆ. ಇಡೀ ಕರ್ನಾಟಕದ ರೋಗಿಗಳು, ಅವರ ಜೊತೆ ಬಂದವರು ಅಲ್ಲೇ ಇರುತ್ತಾರೆ. ರೋಗಿಗೆ ವಾರ್ಡಿನಲ್ಲಿ ಊಟ ಬರುತ್ತದೆ. ಜೊತೆಗಿರುವವರ ಹೊಟ್ಟೆ ಯಾರೂ ಕೇಳುವುದಿಲ್ಲ. ಮೊದಲ ದಿನ ಹೋಟೆಲ್, ಎರಡನೇ ದಿನ ಹೋಟೆಲ್, ಆಮೇಲೆ ಟೀ, ಬನ್ನಿನಲ್ಲೇ ದಿನ ಕಳೆಯುತ್ತಾರೆ. ಹೀಗೆ ಮಾಡಿ ಜೊತೆಗಿದ್ದವರೇ ತಲೆ ತಿರುಗಿ ಬಿದ್ದಿದ್ದನ್ನು ನೋಡಿದ್ದೇನೆ.
ಇಂದಿರಾ ಕ್ಯಾಂಟೀನ್‌ಗೆ ಹೋಗಲು ಯಾವ ಸಂಕೋಚವೂ ಬೇಡ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ಬೆಳಗಿನ ತಿಂಡಿ 5 ರೂಪಾಯಿ, ಊಟ 10 ರೂಪಾಯಿ ಇತ್ತು. ಅನ್ನ, ಸಾಂಬಾರ್, ಮೊಸರನ್ನ. ಕೌಂಟರಿನಲ್ಲಿ ಟೋಕನ್ ತೆಗೆದುಕೊಂಡು ತಟ್ಟೆ ಹಿಡಿದು ನಿಂತು ತಿನ್ನುವುದು. ನನ್ನ ಪಕ್ಕದಲ್ಲಿ ಸೆಕ್ಯುರಿಟಿಯವರು, ನರ್ಸಿಂಗ್ ಹುಡುಗಿಯರು, ಇಸ್ತ್ರಿ ಅಂಗಿ ಹಾಕಿದವರು ಎಲ್ಲರೂ ನಿಂತು ಉಣ್ಣುತ್ತಿದ್ದರು. ಒಂದೇ ತೊಂದರೆ, ತಡವಾಗಿ ಹೋದರೆ ಖಾಲಿ. ಹೊತ್ತಿಗೆ ಮುಂಚೆ ಹೋಗಿ.
ಇನ್ನೊಂದು. ಡಾಕ್ಟರ್ ಯಾವಾಗ ಕರೆಯುತ್ತಾರೋ ಗೊತ್ತಿರುವುದಿಲ್ಲ. ನಾಲ್ಕೂ ಜನ ಒಟ್ಟಿಗೆ ಊಟಕ್ಕೆ ಹೋಗಬೇಡಿ. ಇಬ್ಬಿಬ್ಬರಾಗಿ ಹೋಗಿ ಬನ್ನಿ.

ಪೊನ್ನಂಪೇಟೆ ಮಳೆ
ಮೇಲಿನವರು ಬರೆದಿದ್ದು ಓದಿ ಕಣ್ಣು ತುಂಬಿತು. 2019ರಲ್ಲಿ ಕೊಡಗಿಗೆ ಒಂದು ಒಳ್ಳೆ ತುರ್ತು ಆಸ್ಪತ್ರೆ ಬೇಕು ಅಂತ ನಾವೆಲ್ಲ ಎಷ್ಟು ಕೂಗಿದೆವು. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಬಂದಿದೆ, ನಿಜ. ಆದರೂ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಮೈಸೂರು, ಮಂಗಳೂರು, ಬೆಂಗಳೂರು. ರೈಲೂ ಇಲ್ಲ ನಮ್ಮ ಜಿಲ್ಲೆಗೆ. ರೋಗಿಯನ್ನು ಘಟ್ಟದ ರಸ್ತೆಯಲ್ಲಿ ಕೂರಿಸಿಕೊಂಡೇ ಹೋಗಬೇಕು.

ಸಿದ್ದಾಪುರ 571
ನಿಜ. ಆದರೆ ಆ ವಿಷಯಕ್ಕೆ ಹೋದರೆ ಊಟ ಮರೆತುಹೋಗುತ್ತದೆ.

ಸೋಮವಾರಪೇಟೆ ಸೊಸೆ
ಅಪ್ಪನ ಊಟದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮ ಮಾವನವರಿಗೂ ಇದೇ ಪಥ್ಯ, ಅದಕ್ಕೇ ಗೊತ್ತು. ಹೋಟೆಲ್ ಊಟದಲ್ಲಿ ಉಪ್ಪು ಅಡಗಿರುವುದು ಸಾಂಬಾರ್, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯಲ್ಲಿ. ಎಲೆ ಹಾಕಿದ ತಕ್ಷಣ ಉಪ್ಪಿನಕಾಯಿ, ಹಪ್ಪಳ ಬೇಡ ಅಂತ ಹೇಳಿಬಿಡಿ. ಬಡಿಸಿದ ಮೇಲೆ ಬೇಡ ಅನ್ನೋಕೆ ಹಿರಿಯರಿಗೆ ಮನಸ್ಸು ಬರುವುದಿಲ್ಲ. ಇಡ್ಲಿ, ಸಾದಾ ಅನ್ನ, ಮೊಸರು, ಪಲ್ಯ, ಚಪಾತಿ ಆಗಬಹುದು. ಖಾರಾಬಾತ್, ಪುಳಿಯೋಗರೆ, ಬಿಸಿಬೇಳೆಬಾತ್ ಬೇಡ.
ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್‌ನಲ್ಲಿ ಜೋಳದ ರೊಟ್ಟಿ ಊಟ ಸಿಗುತ್ತದೆ. ಬಿಸಿ ರೊಟ್ಟಿ, ಎರಡು ಥರ ಪಲ್ಯ, ಸೊಪ್ಪು, ಮೊಸರು. ಬಾಳೆ ಎಲೆ ಮೇಲೆ ಬಡಿಸುತ್ತಾರೆ. ಎಣ್ಣೆಗಾಯಿ ಮಾತ್ರ ಅಪ್ಪನ ಎಲೆಗೆ ಬೇಡ. ಕೂತು ನಿಧಾನವಾಗಿ ಉಣ್ಣಬಹುದು, ಯಾರೂ ಎಬ್ಬಿಸುವುದಿಲ್ಲ. ಆದರೆ ನಾನು ಹೇಳುವುದು, ವಾರ ಪೂರ್ತಿ ಹೋಟೆಲ್ ಬೇಡವೇ ಬೇಡ. ರೂಮಿನವರನ್ನು ಕೇಳಿ ಒಂದು ಎಲೆಕ್ಟ್ರಿಕ್ ಕುಕ್ಕರ್ ಇಟ್ಟುಕೊಳ್ಳಿ. ರಾತ್ರಿ ಗಂಜಿ, ಹೆಸರುಬೇಳೆ ಬೇಯಿಸಿಕೊಂಡರೆ ಸಾಕು.

ಸುಂಟಿಕೊಪ್ಪ ಕಾಕ
ಅಮ್ಮನ ಮಾಂಸದ ಊಟಕ್ಕೆ ನಾನು ಹೇಳುತ್ತೇನೆ. ನೀವು ಉಳಿಯುವ ಜಯನಗರದಲ್ಲೇ ಶಿವಾಜಿ ಮಿಲಿಟರಿ ಹೋಟೆಲ್ ಇದೆ, 8ನೇ ಬ್ಲಾಕಿನಲ್ಲಿ. ಮಟನ್ ದೊನ್ನೆ ಬಿರಿಯಾನಿ. ಎಲೆಯ ದೊನ್ನೆಯಲ್ಲಿ ಸಣ್ಣಕ್ಕಿಯ ಅನ್ನ, ಪುದೀನ, ಕೊತ್ತಂಬರಿ ಹಾಕಿ ಹಸಿರು ಬಣ್ಣ. ಕೇರಳದ ಬಿರಿಯಾನಿ ಥರ ಅಲ್ಲ, ಮಸಾಲೆ ಅನ್ನದೊಳಗೇ ಇಳಿದಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಹೋದರೆ ಏನೂ ಉಳಿದಿರುವುದಿಲ್ಲ. ಮೇಜು ಹಂಚಿಕೊಂಡು ಕೂರಬೇಕು.
ರಾತ್ರಿ ಆಸ್ಪತ್ರೆಯಿಂದ ತಡವಾಗಿ ಹೊರಬಂದರೆ ಎಂಪೈರ್ ಇದೆ. ನಡುರಾತ್ರಿ ದಾಟಿದ ಮೇಲೂ ತುಪ್ಪದನ್ನ, ಕಬಾಬ್ ಸಿಗುತ್ತದೆ. ಹಲಾಲ್ ಬೇಕಾದವರಿಗೆ ಶಿವಾಜಿನಗರ, ಫ್ರೇಜರ್ ಟೌನಿನ ಮಸೀದಿ ರಸ್ತೆ. ಅಲ್ಲಿ ಹೋದರೆ ಆಯ್ಕೆಯೇ ಆಯ್ಕೆ.

ಅಮ್ಮತ್ತಿ ಸಂಜೆ
ಕಾಕ, ಬೆಂಗಳೂರಲ್ಲಿ ಹಂದಿ ಮಾಂಸದ ನಮ್ಮ ಪಂದಿ ಕರಿ ಒಳ್ಳೆಯದು ಎಲ್ಲಿ ಸಿಗುತ್ತದೆ?

ಸುಂಟಿಕೊಪ್ಪ ಕಾಕ
ಅದನ್ನು ನನ್ನನ್ನು ಕೇಳಬಾರದು ಮೋಳೆ, ಬೇರೆಯವರು ಹೇಳಲಿ.

ಬಾಳೆಲೆ ಅಕ್ಕಯ್ಯ
ನಾನು ಹೇಳುತ್ತೇನೆ. ಕೂರ್ಗ್ ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ತಿಂದು ನೋಡಿದ್ದೇನೆ. ಮುಕ್ಕಾಲು ಪಾಲು ಜಾಗದಲ್ಲಿ ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಮಾಡುವ ನಮ್ಮ ಕಪ್ಪು ಹುಳಿ, ಇರುವುದಿಲ್ಲ. ಹುಳಿಗೆ ವಿನೆಗರ್ ಹಾಕುತ್ತಾರೆ, ಬಣ್ಣಕ್ಕೆ ಏನೋ ಹುರಿದು ಹಾಕುತ್ತಾರೆ. ಪಂದಿ ಕರಿಯ ಕಪ್ಪು ಬರಬೇಕಾದ್ದು ಹುರಿದ ಮಸಾಲೆ ಪುಡಿಯಿಂದ ಮತ್ತು ಕಾಚಂಪುಳಿಯಿಂದ. ಕಾಚಂಪುಳಿಯ ಹುಳಿ ನಾಲಿಗೆಗೆ ಚುಚ್ಚುವುದಿಲ್ಲ, ಕೊನೆಯಲ್ಲಿ ನಿಧಾನವಾಗಿ ಗೊತ್ತಾಗುತ್ತದೆ. ಕೊಬ್ಬಿನ ಮೇಲೆ ಚರ್ಮ ಇರಬೇಕು, ಬೆಂದು ಮೆತ್ತಗಾಗಿರಬೇಕು. ಚರ್ಮ ತೆಗೆದ ತುಂಡು ಹಾಕಿದವರು ಏನೇ ಹೆಸರಿಟ್ಟರೂ ಅದು ಪಂದಿ ಕರಿ ಅಲ್ಲ.
ಹೋಟೆಲಿಗೆ ಹೋಗುವ ಮುಂಚೆ ಎರಡೇ ಪ್ರಶ್ನೆ ಕೇಳಿ. ಕಾಚಂಪುಳಿ ಹಾಕುತ್ತೀರಾ? ಕಡಂಬಿಟ್ಟು ಇವತ್ತಿನದಾ? ಕಡಂಬಿಟ್ಟು ಅಂದರೆ ಅಕ್ಕಿ ತರಿಯ ಉಂಡೆ, ಫ್ರಿಜ್ಜಿನಿಂದ ತೆಗೆದು ಬಿಸಿ ಮಾಡಿದರೆ ಕಲ್ಲಾಗುತ್ತದೆ. ಅದಕ್ಕಿಂತ ನೂಪುಟ್ಟು (ಅಕ್ಕಿ ಶಾವಿಗೆ) ಕೇಳುವುದು ವಾಸಿ.

ಮೂರ್ನಾಡು ತೋಟ
ಅಕ್ಕಯ್ಯ ಹೇಳಿದ್ದು ಸರಿ. ಆದರೆ ಬೆಂಗಳೂರಲ್ಲಿ ನಿಜವಾದ ಪಂದಿ ಕರಿ ಬೇಕಾದರೆ ವಸಂತನಗರದ ಕೊಡವ ಸಮಾಜದಲ್ಲಿ ಯಾರದಾದರೂ ಮದುವೆ ಇರಬೇಕು. ಅಲ್ಲಿ ಬಡಿಸುವವರಿಗೆ ಗೊತ್ತು, ಉಣ್ಣುವವರಿಗೂ ಗೊತ್ತು.

ಬೆಂದೂರು ಎಂಜಿನಿಯರ್
ಒಪ್ಪುವುದಿಲ್ಲ ಅಣ್ಣ. ಈಗ ಬೆಂಗಳೂರಲ್ಲಿ ನಮ್ಮವರೇ ಮನೆಯಲ್ಲಿ ಮಾಡಿ ಕಳಿಸುತ್ತಾರೆ. ಹಿಂದಿನ ದಿನ ಹೇಳಿದರೆ ಪಂದಿ ಕರಿ, ಬೈಂಬಳೆ (ಕಳಲೆ) ಕರಿ, ಅಕ್ಕಿ ತರಿಯ ಪಾಪುಟ್ಟು ಎಲ್ಲ ಬರುತ್ತದೆ. ಹೋಟೆಲಿಗಿಂತ ಎಷ್ಟೋ ಮೇಲು. ನಾನು ಇಲ್ಲಿ ಕೆಲಸಕ್ಕೆ ಬಂದಾಗ ಇದು ಇರಲಿಲ್ಲ. ಊರಿನ ಬಸ್ಸಿನಲ್ಲಿ ಡಬ್ಬಿ ಬರುವುದನ್ನೇ ಕಾಯುತ್ತಿದ್ದೆವು. ನಿಮ್ಮ ಅಮ್ಮನಿಗೆ ಭಾನುವಾರ ಹೀಗೆ ತರಿಸಿಕೊಡಿ. ಪರಿಚಯದವರ ಮೂಲಕವೇ ಕೇಳಿ, ಗೊತ್ತಿಲ್ಲದವರಿಗೆ ಮುಂಗಡ ಹಾಕಬೇಡಿ.

ಅಮ್ಮತ್ತಿ ಸಂಜೆ
ಹೃದ್ರೋಗ ತೋರಿಸಲು ಬಂದ ಅಪ್ಪನ ಎದುರು ಕೂತು ಪಂದಿ ಕರಿ ತಿನ್ನುವುದು ಪಾಪ ಅಲ್ವಾ?

ಬಾಳೆಲೆ ಅಕ್ಕಯ್ಯ
ಅದಕ್ಕೇ ಕುಮ್ಮು ಕರಿ ಇರುವುದು. ಅಪ್ಪನಿಗೆ ಅಣಬೆ, ಎಣ್ಣೆ ಕಮ್ಮಿ ಹಾಕಿ. ಅಕ್ಕಿ ಒಟ್ಟಿ (ರೊಟ್ಟಿ) ಜೊತೆ ಕೊಡಿ. ಒಟ್ಟಿಗೂ ಉಪ್ಪು ಹಾಕಬೇಡಿ.

ನಾಪೋಕ್ಲು ಹುಡುಗ
ಇಷ್ಟು ಜನ ಬರೆದಿದ್ದಕ್ಕೆ ತುಂಬಾ ಸಂತೋಷ. ಇಬ್ಬಿಬ್ಬರಾಗಿ ಊಟಕ್ಕೆ ಹೋಗುವುದು, ಕುಕ್ಕರ್ ಇಟ್ಟುಕೊಳ್ಳುವುದು ಎರಡೂ ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಇನ್ನೆರಡು ಪ್ರಶ್ನೆ. ತಂಗಿಯ ತಿಂಗಳ ಖರ್ಚಿಗೆ ಯಾವುದು? ಮತ್ತೆ, ಹಿಂದಿನ ಸಲದ ಆ ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ 10 ಪರ್ಸೆಂಟ್ ಹಾಕಿದ್ದರು, ಜಿಎಸ್‌ಟಿ ಎರಡು ಸಲ ಹಾಕಿದ್ದರು. ಇದು ಸರಿಯಾ?

ಶನಿವಾರಸಂತೆ ಲೆಕ್ಕಿಗ
ಎರಡು ಸಲ ಹಾಕಿದ್ದಲ್ಲ. ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಎರಡೂವರೆ, ಎರಡೂವರೆ ಸೇರಿ 5 ಪರ್ಸೆಂಟ್. ಸಾಮಾನ್ಯ ಹೋಟೆಲಿನಲ್ಲಿ ಇಷ್ಟೇ. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟ್ ಆದರೆ 18. ಕೊನೆ ದಿನ ದೊಡ್ಡ ಜಾಗಕ್ಕೆ ಹೋಗುವುದಾದರೆ ಇದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.
ಸರ್ವಿಸ್ ಚಾರ್ಜ್ ಬೇರೆ. ಅದು ತೆರಿಗೆ ಅಲ್ಲ, ಹೋಟೆಲಿನವರೇ ಹಾಕಿಕೊಳ್ಳುವುದು. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಪ್ರಾಧಿಕಾರದ ಪರವಾಗಿಯೇ ತೀರ್ಪು ಕೊಟ್ಟಿತು. ತೆಗೆಯಿರಿ ಅಂತ ನಯವಾಗಿ ಹೇಳಿ. ತೆಗೆಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಗೋಣಿಕೊಪ್ಪ ಬಸ್‌ಸ್ಟ್ಯಾಂಡ್
ಆದರೆ ಬಡಿಸುವ ಹುಡುಗರಿಗೆ ಕೈಯಾರೆ ಏನಾದರೂ ಕೊಡಿ. ಎಷ್ಟೋ ಜನ ನಮ್ಮ ಹಾಗೆ ದೂರದ ಊರಿನಿಂದ ಬಂದವರು.

ಶನಿವಾರಸಂತೆ ಲೆಕ್ಕಿಗ
ಖಂಡಿತ. ಕೈಗೆ ಕೊಟ್ಟರೆ ಅವರಿಗೇ ಸೇರುತ್ತದೆ.

ಬೆಂದೂರು ಎಂಜಿನಿಯರ್
ತಂಗಿಗೆ ದರ್ಶಿನಿಗಳೇ ಗತಿ, ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇನೆ. ನಿಂತು ತಿನ್ನುವ ಈ ಹೋಟೆಲುಗಳು 80ರ ದಶಕದಲ್ಲಿ ಜಯನಗರದ ಕಡೆಯಿಂದಲೇ ಬೆಳೆದು ಊರೆಲ್ಲ ಹರಡಿದವು. ಕೂರಿಸಿ ಬಡಿಸುವ ಖರ್ಚಿಲ್ಲ, ತಿಂದವರು ಬೇಗ ಹೊರಡುತ್ತಾರೆ, ಅದಕ್ಕೇ ದರ ಕಮ್ಮಿ. ಜಯನಗರದ ತಾಜಾ ತಿಂಡಿಗೆ ಒಮ್ಮೆ ಕಳಿಸಿ. ಮೆನು ಚಿಕ್ಕದು, ಅಡುಗೆಮನೆ ಕಣ್ಣಿಗೆ ಕಾಣುತ್ತದೆ, ದರ ಸುತ್ತಮುತ್ತಲಿಗಿಂತ ಕಮ್ಮಿ. ತಟ್ಟೆ, ಲೋಟ ತೊಳೆಯುವುದರಲ್ಲಿ ತುಂಬಾ ಶಿಸ್ತು.
ಪಿಜಿಯಲ್ಲಿ ಊಟ ಕೊಡುತ್ತೇವೆ ಅಂತಾರೆ. ಮುಂಗಡ ಕೊಡುವ ಮುಂಚೆ ಒಂದು ರಾತ್ರಿ ಊಟದ ಹೊತ್ತಿಗೆ ಹೋಗಿ, ಅಲ್ಲಿರುವ ಹುಡುಗಿಯರ ಜೊತೆ ಕೂತು ತಿಂದು ನೋಡಲಿ. ಓನರ್ ಹೇಳುವುದು ಬೇಡ, ತಟ್ಟೆಯೇ ಹೇಳುತ್ತದೆ.

ಚೆಟ್ಟಳ್ಳಿ ಚಿನ್ನು
ನಾನೂ ಪಿಜಿಯಲ್ಲಿದ್ದೇನೆ. ತಿಂಗಳ ಮೊದಲ ವಾರ ಸ್ವಿಗ್ಗಿ, ಕೊನೆ ವಾರ ಅವಲಕ್ಕಿ ಅನ್ನುವ ಹಾಗೆ ಆಗಬಾರದು ಅಂದರೆ ಆ್ಯಪ್ ಬಿಡಬೇಕು. ಅದರಲ್ಲಿ ಹೋಟೆಲಿನ ದರಕ್ಕಿಂತ ಜಾಸ್ತಿ ಹಾಕಿರುತ್ತಾರೆ, ಮೇಲೆ ಡೆಲಿವರಿ, ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಅಂತ ಸೇರುತ್ತದೆ. ನಡೆದು ಹೋಗಿ ತಂದರೆ ಅರ್ಧ ಉಳಿಯುತ್ತದೆ.
ಶನಿವಾರ ಸಂಜೆ ವಿ.ವಿ. ಪುರಂ ತಿಂಡಿ ಬೀದಿಗೆ ಬರಲಿ. ನ್ಯಾಷನಲ್ ಕಾಲೇಜ್ ಮೆಟ್ರೋ ಹತ್ತಿರ. ಅಕ್ಕಿ ರೊಟ್ಟಿ, ಬಿಸಿ ಹೋಳಿಗೆ, ಕಾಂಗ್ರೆಸ್ ಕಡ್ಲೆಬೀಜದ ಬನ್. ಚಳಿಗಾಲದಲ್ಲಿ ಅವರೆಕಾಳು ಬಂದಾಗ ಎಲ್ಲದರಲ್ಲೂ ಅವರೆ. ನಾಲ್ಕು ಜನ ಹಂಚಿಕೊಂಡು ತಿಂದರೆ ಎಲ್ಲದರ ರುಚಿಯೂ ನೋಡಬಹುದು.

ಮೂರ್ನಾಡು ತೋಟ
ಎಲ್ಲರೂ ಊಟ ಹೇಳಿದಿರಿ, ಕಾಫಿ ಯಾರೂ ಹೇಳಲಿಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ಕಾಫಿ ದರ ಏರಿತು ಅಂತ ಪೇಪರಿನಲ್ಲಿ ಬಂದಾಗ ಬೆಳೆಗಾರರು ದುಡ್ಡು ಮಾಡಿಕೊಂಡರು ಅಂತ ಮಾತಾಡಿದರು. 2025ರ ಆರಂಭದಲ್ಲಿ ರೊಬಸ್ಟಾ ಚೆರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ) 50 ಕೆಜಿ ಮೂಟೆಗೆ 10,000 ದಾಟಿದ್ದು ನಿಜ. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟಿತು, ಅದಕ್ಕೆ. ಆದರೆ ಅದಕ್ಕೂ ಮುಂಚೆ ಎಷ್ಟು ವರ್ಷ ಕೂಲಿ, ಗೊಬ್ಬರದ ದುಡ್ಡೂ ಹುಟ್ಟದೆ ಮಾರಿದ್ದೇವೆ, ಆಗ ಯಾರಾದರೂ ಕಾಫಿ ದರ ಇಳಿಸಿದರಾ? ದೇಶದ ಕಾಫಿಯಲ್ಲಿ ಅತಿ ಹೆಚ್ಚು ಬೆಳೆಯುವ ಜಿಲ್ಲೆ ನಮ್ಮದು. ಹೋಟೆಲಿನಲ್ಲಿ ಕುಡಿಯುವಾಗ ಚಿಕೋರಿ ಎಷ್ಟು ಅಂತ ಕೇಳಿ. ಕಾನೂನಿನ ಪ್ರಕಾರ 49 ಪರ್ಸೆಂಟ್ ತನಕ ಬೆರೆಸಬಹುದು. ಅರ್ಧ ಬೇರಿನ ಪುಡಿ ಕುಡಿದು ಕಾಫಿ ದುಬಾರಿ ಅಂತ ನಮ್ಮನ್ನು ಬೈದರೆ ಬೇಜಾರಾಗುತ್ತದೆ.

ಮಡಿಕೇರಿ ಟು ಮಲ್ಲೇಶ್ವರ
ಚಿಕೋರಿ ಇಲ್ಲದಿದ್ದರೆ ಫಿಲ್ಟರ್ ಕಾಫಿಗೆ ಆ ಮಂದ ಬರುವುದಿಲ್ಲ ಅಣ್ಣ. ಸ್ವಲ್ಪ ಇರಲಿ.

ಮೂರ್ನಾಡು ತೋಟ
ಮಂದ ಬರಿಸುವುದು ರೊಬಸ್ಟಾ. ಹದವಾಗಿ ಹುರಿದು, ಡಿಕಾಕ್ಷನ್ ನಿಧಾನವಾಗಿ ಇಳಿಸಲಿ, ಹಾಲಿಗೆ ನೀರು ಬೆರೆಸದಿರಲಿ. ಆಮೇಲೆ ಹೇಳಿ.

ವಿರಾಜಪೇಟೆ ಮೇಷ್ಟ್ರು
ಕಾಫಿ ಮಾತು ಬಂತಲ್ಲ, ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸ್‌ಗೆ ಒಮ್ಮೆ ಹೋಗಿ. ಎಂ.ಜಿ. ರಸ್ತೆಯಲ್ಲಿದ್ದದ್ದು 2009ರಲ್ಲಿ ಅಲ್ಲಿಗೆ ಬಂತು. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸೇರಿ 1957ರಲ್ಲಿ ಬೆಂಗಳೂರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಪೇಟ ತೊಟ್ಟ ಸರ್ವರ್‌ಗಳು, ಕಟ್ಲೆಟ್, ಆಮ್ಲೆಟ್, ಕಾಫಿ. ಆ ರಸ್ತೆಯಲ್ಲಿ ಅಷ್ಟು ಕಮ್ಮಿ ದರಕ್ಕೆ ಕೂತು ಮಾತಾಡುವ ಜಾಗ ಇನ್ನೊಂದಿಲ್ಲ.

ಹುದಿಕೇರಿ ಹೊಳೆ
ನನಗನ್ನಿಸುವುದು, ಬೆಂಗಳೂರು ತನಕ ಯಾಕೆ? ಬರುವಾಗ ಮೈಸೂರಲ್ಲಿ ಇಳಿದು ನಜರ್‌ಬಾದಿನ ಮೈಲಾರಿ ದೋಸೆ ತಿನ್ನಿ. ಬಾಯಲ್ಲಿ ಇಟ್ಟರೆ ಕರಗುತ್ತದೆ.

ಕುಶಾಲನಗರದ ಅಕ್ಕ
ಮೈಸೂರು ನಮಗೆ ಪಕ್ಕದ ಮನೆ, ಅಲ್ಲಿಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ. ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮದ್ದೂರು, ಚನ್ನಪಟ್ಟಣ, ಬಿಡದಿ ಎಲ್ಲ ಪಕ್ಕಕ್ಕೆ ಸರಿದುಹೋದವು. ಬಿಸಿ ಮದ್ದೂರು ವಡೆ, ಬಿಡದಿ ತಟ್ಟೆ ಇಡ್ಲಿ ಬೇಕಾದರೆ ಮುಂಚೆಯೇ ನೋಡಿಕೊಂಡು ಹಳೆ ರಸ್ತೆಗೆ ಇಳಿಯಬೇಕು. ಆ ಹೋಟೆಲುಗಳಿಗೆ ವ್ಯಾಪಾರ ಎಷ್ಟು ಬಿದ್ದುಹೋಗಿದೆ ಅಂದರೆ, ಇಳಿದು ಹೋದರೆ ಅವರಿಗೂ ಉಪಕಾರ.

ನಾಪೋಕ್ಲು ಹುಡುಗ
ಕೊನೆ ದಿನದ ದೊಡ್ಡ ಊಟಕ್ಕೆ ಯಾರೂ ಹೇಳಲಿಲ್ಲ.

ವಿರಾಜಪೇಟೆ ಮೇಷ್ಟ್ರು
ಎಂಟಿಆರ್ ಊಟ. 1924ರಲ್ಲಿ ಶುರುವಾಗಿದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿದವರು ಅವರೇ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ದರ ಇಳಿಸಿ ಅಂದಾಗ ಗುಣ ಇಳಿಸಲು ಒಪ್ಪದೆ ಹೋಟೆಲನ್ನೇ ಮುಚ್ಚಿದ್ದರು. ಪೊಟ್ಟಣದ ಹಿಟ್ಟು, ಪುಡಿಗಳು ಬೆಳೆದದ್ದು ಆವಾಗ. ಮಧ್ಯಾಹ್ನ ಹೆಸರು ಕೊಟ್ಟು ಕಾಯಬೇಕು. ಆಮೇಲೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ದೋಸೆ, ಪಲ್ಯ, ಬಿಸಿಬೇಳೆಬಾತ್, ಅನ್ನ, ಸಾರು, ಸಿಹಿ, ಕೊನೆಗೆ ಹಣ್ಣಿನ ಸಲಾಡ್, ಐಸ್‌ಕ್ರೀಮ್. ಹಸಿದು ಹೋಗಿ.

ಸೋಮವಾರಪೇಟೆ ಸೊಸೆ
ಮೇಷ್ಟ್ರೇ, ಅಷ್ಟೆಲ್ಲ ಬಂದರೆ ಅಪ್ಪ ಯಾವುದನ್ನು ಬಿಡೋದು? ಬಡಿಸುತ್ತಲೇ ಇದ್ದರೆ ಬೇಡ ಅನ್ನಲಾಗದೆ ಒದ್ದಾಡುತ್ತಾರೆ. ಅವರಿಗೆ ಬೇಕಾದ್ದನ್ನೇ ಆರಿಸಿಕೊಳ್ಳುವ ಜಾಗ ಇರಲಿ.

ಬೆಂದೂರು ಎಂಜಿನಿಯರ್
ಹಾಗಾದರೆ ರೆಸಿಡೆನ್ಸಿ ರಸ್ತೆಯ ಕರಾವಳಿ. ತಾಜ್ ಗುಂಪಿನ ಹೋಟೆಲಿನೊಳಗೆ 1990ರಿಂದ ಇದೆ. ಮಂಗಳೂರು, ಗೋವಾ, ಕೇರಳ, ನಮ್ಮ ಕೊಡಗಿನ ಅಡುಗೆಯೂ ಮಾಡುತ್ತಾರೆ. ಮರದ ಕೆಳಗೆ ಕೂತು ಉಣ್ಣಬಹುದು. ಮೊದಲೇ ಫೋನ್ ಮಾಡಿ ಮೇಜು ಹೇಳಿ, ಉಪ್ಪು ಕಮ್ಮಿ ಬೇಕು ಅಂತ ಆಗಲೇ ತಿಳಿಸಿ. ಮೀನು ಎಣ್ಣೆ ಇಲ್ಲದೆ ಬೇಯಿಸಿ ಕೊಡಲು ಕೇಳಬಹುದು. ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಲೆಕ್ಕಿಗರು ಹೇಳಿದ ಆ ದೊಡ್ಡ ಜಿಎಸ್‌ಟಿ ಇಲ್ಲಿ ನೆನಪಿರಲಿ.
ಅಷ್ಟು ಬೇಡ ಅಂದರೆ ಅದೇ ರಸ್ತೆಯಲ್ಲಿ ನಾಗಾರ್ಜುನ. ಬಾಳೆ ಎಲೆ, ಪಪ್ಪು (ಬೇಳೆ), ಪುಡಿ, ತುಪ್ಪ, ಕೇಳಿದಷ್ಟು ಅನ್ನ. ಖಾರ ಜಾಸ್ತಿ, ಅಪ್ಪನಿಗೆ ಪಪ್ಪು, ಮೊಸರು ಸಾಕು.

ಅಮ್ಮತ್ತಿ ಸಂಜೆ
ಕೋಶೀಸ್ ಯಾಕೆ ಬಿಟ್ಟಿರಿ? ಸೇಂಟ್ ಮಾರ್ಕ್ಸ್ ರಸ್ತೆ. ಭಾನುವಾರ ಅಪ್ಪಂ, ಸ್ಟ್ಯೂ. ಖಾರವಿಲ್ಲ, ಗದ್ದಲವಿಲ್ಲ. ಒಂದು ಕಾಫಿ ಹೇಳಿ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ. ನಮ್ಮ ಅಪ್ಪ ಹೇಳುತ್ತಿದ್ದರು, ಹಿಂದೆ ಪ್ಲಾಂಟರುಗಳು ಬೆಂಗಳೂರಿಗೆ ಹೋದರೆ ಅಲ್ಲಿ ಒಂದು ಸುತ್ತು ಹೋಗದೆ ಬರುತ್ತಿರಲಿಲ್ಲ.

ಸೋಮವಾರಪೇಟೆ ಸೊಸೆ
ಸ್ಟ್ಯೂನಲ್ಲಿ ತೆಂಗಿನ ಹಾಲು ಇರುತ್ತದೆ. ಡಾಕ್ಟರನ್ನು ಒಂದು ಮಾತು ಕೇಳಿಯೇ ಕೊಡಿ.

ಕಿದ್ವಾಯಿ ಕಾರಿಡಾರ್
ತಮ್ಮಾ, ಆ ದೊಡ್ಡ ಊಟ ರಿಪೋರ್ಟಿನ ದಿನವೇ ಇಟ್ಟುಕೊಳ್ಳಬೇಡಿ. ರಿಪೋರ್ಟ್ ಸಂಜೆಗೆ ಹೋಗಬಹುದು, ಮಾರನೇ ದಿನಕ್ಕೂ ಹೋಗಬಹುದು. ಟೇಬಲ್ ಹೇಳಿಟ್ಟು ಆಸ್ಪತ್ರೆ ಬೆಂಚಿನ ಮೇಲೆ ಕೂತು ಗಡಿಯಾರ ನೋಡುವುದು ಬೇಡ. ಒಂದು ದಿನ ಬಿಟ್ಟು ಇಟ್ಟುಕೊಳ್ಳಿ. ಮತ್ತೆ, ರಿಪೋರ್ಟ್ ಹೇಗೇ ಬರಲಿ, ಊಟ ಹಾಕಿಸಿ. ಅಪ್ಪ, ಅಮ್ಮ ಇಬ್ಬರೂ ವಾರ ಪೂರ್ತಿ ಹೆದರಿಕೊಂಡೇ ಇರುತ್ತಾರೆ.

ನಾಪೋಕ್ಲು ಹುಡುಗ
ಇದು ನನಗೆ ಹೊಳೆದಿರಲಿಲ್ಲ ಅಕ್ಕಾ. ಹಾಗೇ ಮಾಡುತ್ತೇನೆ. ವಾಪಸ್ ಬರುವ ರಾತ್ರಿ ಬಸ್ಸಿಗೆ ಮುಂಚೆ ಸ್ಯಾಟಲೈಟ್ ಹತ್ತಿರ ಏನಾದರೂ ಸಿಗುತ್ತದಾ?

ಕುಶಾಲನಗರದ ಅಕ್ಕ
ಸ್ಯಾಟಲೈಟ್ ಹತ್ತಿರ ನಂಬಬೇಡಿ. ಜಯನಗರದಲ್ಲೇ ಅಪ್ಪನಿಗೆ ಇಡ್ಲಿ, ನಿಮಗೆ ಮೊಸರನ್ನ ಕಟ್ಟಿಸಿಕೊಂಡು ಹೊರಡಿ. ಅಪ್ಪನಿಗೆ ಮುಂದಿನ ಸೀಟು ಬುಕ್ ಮಾಡಿ, ಪಿರಿಯಾಪಟ್ಟಣ ದಾಟಿದ ಮೇಲೆ ರಸ್ತೆ ತಿರುವು ಜಾಸ್ತಿ.

ಹುದಿಕೇರಿ ಹೊಳೆ
ತಿರುವು ಶುರುವಾಗುವುದು ಕುಶಾಲನಗರ ದಾಟಿದ ಮೇಲೆ ಅಕ್ಕಾ. ಪಿರಿಯಾಪಟ್ಟಣದ ರಸ್ತೆ ನೇರವಾಗಿಯೇ ಇದೆ.

ಕುಶಾಲನಗರದ ಅಕ್ಕ
ಸರಿ, ಆನೆಕಾಡು ಬರುವಾಗ ಅಪ್ಪನನ್ನು ಎಬ್ಬಿಸಿ ಕೂರಿಸಿ. ಮಲಗಿದ್ದರೆ ಆ ಏರಿನಲ್ಲಿ ಹೊಟ್ಟೆ ತೊಳೆಸುತ್ತದೆ. ಕುಕ್ಕರ್ ಬೇಕಾದರೆ ನನ್ನದೇ ಇದೆ, ಕುಶಾಲನಗರದಲ್ಲಿ ಬಸ್ ನಿಂತಾಗ ಕೊಡುತ್ತೇನೆ. ಹೊರಡುವ ದಿನ ತಿಳಿಸಿ.